ಉಡಿಯೊಳಗಿನ ಕುಲಾವಿ

ಕಂಪ್ಲಿ
29-8-1999

ಸಂಡೂರಿನ ಬೀಗಿತ್ತಿ ವಿರುಪಮ್ಮನವರಿಗೆ ಕಂಪ್ಲಿಯ ಚೆನ್ನಬಸಮ್ಮನ ಶರಣು. ನಾವೆಲ್ಲ ಆರಾಮವಾಗಿದ್ದೇವೆ. ನಿಮ್ಮ ಮಂಡಿನೋವು ಇಳಿದಿದೆಯೆಂದು ನಂಬಿದ್ದೇನೆ.

ನಾನು ಯಾರೆಂಬುದು ನಿಮಗೆ ಗೊತ್ತಿದೆ. ಆದರೂ ಹೇಳುತ್ತೇನೆ, ಮುಂದಿನ ಮಾತಿಗೆ ಅದು ಬೇಕು. ಕಾಲುವೆಗೆ ನೀರು ಬಂದ ಕಾಲದಲ್ಲಿ ನಮ್ಮ ಮಾವನವರು ಹಾಕಿದ ಅಕ್ಕಿ ಮಿಲ್ಲನ್ನು, ಯಜಮಾನರು ಹೋದ ಮೇಲೆ ಹದಿನಾರು ವರ್ಷದಿಂದ ನಡೆಸುತ್ತಿರುವವಳು. ಹೈಸ್ಕೂಲು ಮುಗಿಸಿದವಳು. ಎಮ್ಮಿಗನೂರಿನಿಂದ ಭತ್ತ ತರುವ ರೈತರು ನನ್ನೆದುರು ಬೀಡಿ ಹಚ್ಚುವುದಿಲ್ಲ. ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ತಪ್ಪಾಯಿತು ಎಂದವಳಲ್ಲ. ತಪ್ಪು ಮಾಡಿಲ್ಲವೆಂದಲ್ಲ, ಕೇಳುವವರು ಇರಲಿಲ್ಲ.

ನಿಮ್ಮ ಮಗಳು ಕೊಟ್ರಬಸಮ್ಮ ಮದುವೆಯಾಗಿ ಬಂದಾಗ ಆ ಕಂಪ್ಯೂಟರನ್ನೂ ತಂದಳು. ಅಂಗಡಿಯಿಂದ ಕೊಂಡದ್ದಲ್ಲ, ಹೊಸಪೇಟೆಯಲ್ಲಿ ಬಿಡಿಭಾಗ ತಂದು ನಿಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ತಾನೇ ಜೋಡಿಸಿದ್ದು, ನೀವು ಪಕ್ಕದಲ್ಲಿ ಕುಳಿತು ಒಂದೊಂದೇ ಸ್ಕ್ರೂ ಕೈಗೆ ಕೊಟ್ಟಿದ್ದು ಎಂದು ಆಕೆ ಹೆಮ್ಮೆಯಿಂದ ಹೇಳಿದಾಗ ನಾನು ನಕ್ಕಿದ್ದೆ. ಆ ನಗು ನಿಮಗೂ ಕಂಡಿತ್ತು.

ಆಷಾಢಕ್ಕೆ ತವರಿಗೆ ಹೊರಡುವಾಗ ಆಕೆ ನನ್ನನ್ನು ಕೂರಿಸಿಕೊಂಡು ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಬಿಚ್ಚಿ ತೋರಿಸಿದಳು. ಒಳಗೆ ಅಂಗೈಯಷ್ಟೂ ಇಲ್ಲದ ಒಂದು ಫ್ಯಾನು. “ಮಿಲ್ಲಿನ ತೌಡು ಭಾಳ ಕುಂದರ್ತದ್ರಿ ಅತ್ತಿ. ವಾರಕ್ಕೊಮ್ಮಿ ಬ್ರಷ್ ಆಡಸ್ರಿ, ಸಾಕು” ಎಂದಳು. ವಾರಕ್ಕೊಮ್ಮೆ ಬ್ರಷ್ ಯಾಕೆ, ತೌಡು ಒಳಗೆ ಬರದಂತೆಯೇ ಮಾಡಬಾರದೇ ಎಂದು ನನಗನ್ನಿಸಿತು. ನಮ್ಮ ಮಿಲ್ಲಿನಲ್ಲಿ ಧೂಳು ಉಗುಳುವ ಕೊಳವೆಗೆಲ್ಲ ಬಟ್ಟೆಯ ಚೀಲ ಕಟ್ಟಿರುತ್ತೇವೆ. ಅದನ್ನು ಕಂಡೇ ಬೆಳೆದ ಬುದ್ಧಿ ನನ್ನದು. ಹಳೆಯ ಮಲ್ಲಿನ ಬಟ್ಟೆ ಎರಡು ಪದರ ಮಾಡಿ, ಹಸುಗೂಸಿಗೆ ಹೊಲಿಯುವಂಥ ಒಂದು ಕುಲಾವಿ ಹೊಲಿದೆ. ಆ ಫ್ಯಾನಿನ ತಲೆಗೆ ತೊಡಿಸಿ ಲಾಡಿ ಎಳೆದು ಬಿಗಿದು ಮುಚ್ಚಳ ಹಾಕಿದೆ. ಯಾರಿಗೂ ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಅದನ್ನು ಮರೆತೂಬಿಟ್ಟೆ.

ಅಲ್ಲಿಂದ ಶುರು. ಮಗ ಮರಿಸ್ವಾಮಿ ಅಕ್ಕಿ ಚೀಲದ ಲೇಬಲ್ಲು ಮಾಡಲು ಕುಳಿತರೆ ಕಾಲು ಗಂಟೆಗೆ ಪರದೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಆರಲು ಬಿಟ್ಟರೆ ಮತ್ತೆ ನಡೆಯುವುದು, ಮತ್ತೆ ನಿಲ್ಲುವುದು. ವೈರು ಬದಲಿಸಿದ, ಬೇರೆ ಪ್ಲಗ್ಗಿಗೆ ಹಾಕಿದ, ಏನೂ ಆಗಲಿಲ್ಲ. ನಮ್ಮ ಫಿಟ್ಟರ್ ಹುಲುಗಪ್ಪ ಬಿಸಿ ನೋಡಲು ಬೇರಿಂಗಿಗೆ ಇಡುವಂತೆ ಡಬ್ಬಿಗೆ ಅಂಗೈ ಇಟ್ಟವನು ಕೈ ಝಾಡಿಸಿಕೊಂಡ. “ಅಮ್ಮಾರ, ಇದು ಬಾಯ್ಲರ್ ಆಗೇತ್ರಿ. ಇದರಾಗ ಭತ್ತ ಕುದಿಸಬೋದು” ಎಂದ. ಹಮಾಲರೆಲ್ಲ ನಕ್ಕರು. ನಮ್ಮ ಮನೆಯ ಸೊಸೆ ಮಾಡಿದ ವಸ್ತುವಿಗೆ ಹಮಾಲರು ನಕ್ಕರಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟು ನಿಮ್ಮ ಕಡೆ ತಿರುಗಿತು. ತೂಕದ ಕಲ್ಲಿನ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ, “ಅಡಗಿಮನಿ ಕಟ್ಟಿ ಮ್ಯಾಲೆ ಮಾಡಿದ್ದು ಹಿಂಗ ಆಗ್ತದ. ಸಂಡೂರಿಗೆ ಹೋಗೋ ಲಾರಿಯಾಗ ಹಾಕ್ರಿ ಅದನ್ನ. ಡಬ್ಬಿ ಸರಿಯಾಗೋ ತನಕ ಹುಡುಗಿನೂ ಅಲ್ಲೇ ಇರ್ಲಿ” ಎಂದೆ.

ಆಷಾಢಕ್ಕೆ ಹೋದ ಮದುಮಗಳ ಸಾಮಾನು ಹಿಂದಿನಿಂದ ಬಂದರೆ ಊರು ಏನು ಮಾತಾಡುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಕಳಿಸಿದೆ.

ಪಂಚಮಿ ಮುಗಿಸಿ ನೀವು ಮಗಳನ್ನೂ ಡಬ್ಬಿಯನ್ನೂ ಕರೆದುಕೊಂಡು ಬಂದಿರಿ. ಅಲ್ಲಿ ನಡೆದದ್ದನ್ನು ಆಕೆಯೇ ಹೇಳಿದಳು. ಲಾರಿ ಬಂದ ದಿನ ತಾನು ಹೊಸಪೇಟೆಗೆ ಹೋಗಿದ್ದಾಗ ಅವ್ವ ಮುಚ್ಚಳ ತೆಗೆದು ಧೂಳು ಹೊಡೆದಿದ್ದಳಂತೆ. ತಾನು ಬಂದು ಹಚ್ಚಿದರೆ ದಿನವಿಡೀ ನಿಲ್ಲದೆ ನಡೆಯಿತಂತೆ. ಆದರೂ ಬಿಡದೆ ಒಂದೊಂದನ್ನೂ ಕಳಚಿ, ರಬ್ಬರಿನಿಂದ ತಿಕ್ಕಿ, ಕೊನೆಗೆ ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಬಿಸಿ ಇಳಿಯಲೆಂದು ಬಳಿಯುವ ಬಿಳಿ ಪೇಸ್ಟನ್ನು ಒರೆಸಿ ಹೊಸದಾಗಿ ತೆಳ್ಳಗೆ ಹಚ್ಚಿದಳಂತೆ. “ನಂದ ತಪ್ಪು ಅತ್ತಿ, ಮೊದಲು ದಪ್ಪ ಹಚ್ಚಿದ್ದೆ” ಎಂದು ತಲೆ ತಗ್ಗಿಸಿದಳು. ನಾನು ಕುರ್ಚಿಯಲ್ಲಿ ಕುಳಿತೇ, “ಇನ್ನ ಮ್ಯಾಲೆ ನೋಡಿ ಮಾಡು” ಎಂದೆ. ನೀವು ನೆಲ ನೋಡುತ್ತಿದ್ದಿರಿ.

ಯಜಮಾನರಿಲ್ಲದವಳೆಂದು ಎಣಿಸದೆ ನನ್ನ ಉಡಿ ತುಂಬಿ ನೀವು ಸಂಜೆಯ ಬಸ್ಸಿಗೆ ಹೋದಿರಿ. ಕೊಬ್ಬರಿ, ಉತ್ತತ್ತಿ, ಬೆಲ್ಲದಚ್ಚು ತೆಗೆದಿಟ್ಟು ಕುಬಸದ ಕಣದ ಬಟ್ಟೆ ಬಿಡಿಸಿದೆ. ಮಡಿಕೆಯೊಳಗೆ ನಾನು ಫ್ಯಾನಿಗೆ ತೊಡಿಸಿದ್ದ ಕುಲಾವಿ. ಒಗೆದು, ಇಸ್ತ್ರಿ ಮಾಡಿ, ಲಾಡಿ ಸುತ್ತಿಟ್ಟಿದ್ದಿರಿ. ಚೀಟಿಯಿಲ್ಲ, ಏನಿಲ್ಲ.

ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಮಾರನೆಯ ದಿನ ನಿಮ್ಮ ಮಗಳನ್ನು, ಆ ಫ್ಯಾನು ಇರುವುದು ಯಾಕೆ ಎಂದು ಕೇಳಿದೆ. “ಪ್ರೊಸೆಸರ್ ಕಾಯ್ತದಲ್ರಿ ಅತ್ತಿ, ಅದಕ್ಕ ಗಾಳಿ ಬೇಕು. ಮೂಗು ಬಾಯಿ ಮುಚ್ಚಿದ್ರ ನಾವು ಬದಕ್ತೀವೇನ್ರಿ?” ಎಂದು ನಕ್ಕಳು. ಏನೂ ತಿಳಿಯದ ಹುಡುಗಿ. ಡಬ್ಬಿ ಕಾದದ್ದು ನನ್ನ ಕುಲಾವಿಯಿಂದ, ಧೂಳು ಹೊಡೆಯುವಾಗ ನೀವು ಅದನ್ನು ಬಿಚ್ಚಿದ್ದಕ್ಕೇ ಅದು ನಡೆದದ್ದು ಎಂದು ನನಗೆ ಆಗ ತಿಳಿಯಿತು.

ವಿರುಪಮ್ಮನವರೇ, ಆ ಕುಲಾವಿಯನ್ನು ಎತ್ತಿ ತೋರಿಸಲು ನಿಮಗೆ ಎಲ್ಲ ಹಕ್ಕೂ ಇತ್ತು. ನಮ್ಮ ತೂಕದ ಕಲ್ಲಿನ ಹತ್ತಿರವೇ ತೋರಿಸಬಹುದಿತ್ತು. ನೀವು ಹೆತ್ತ ಮಗಳಿಗೂ ತೋರಿಸಲಿಲ್ಲ. ತೋರಿಸಿದ್ದರೆ ಆಕೆ ಜನ್ಮಪೂರ್ತಿ ನನ್ನನ್ನು ಕೀಳಾಗಿ ಕಾಣುತ್ತಾ ಈ ಮನೆಯಲ್ಲಿ ಬಾಳಬೇಕಾಗುತ್ತಿತ್ತು, ಅದಕ್ಕೇ ಮುಚ್ಚಿಟ್ಟಿರಿ ಎಂದುಕೊಂಡಿದ್ದೇನೆ. ನೀವು ಓದಿದ್ದು ಮೂರನೆಯ ಇಯತ್ತೆ ಮಾತ್ರ ಎಂದು ಮದುವೆ ಮಾತಿನ ದಿನ ಎತ್ತಿ ಆಡಿದವಳು ನಾನು. ನನ್ನ ಮರ್ಯಾದೆಯನ್ನು ನನ್ನ ಉಡಿಯಲ್ಲೇ ಹಾಕಿ ಹೋದವರು ನೀವು. ಇಂಥ ಉಪಕಾರ ನನಗೆ ಯಾರೂ ಮಾಡಿರಲಿಲ್ಲ. ನಿಮಗೆ ಕೈ ಮುಗಿಯುತ್ತೇನೆ.

ಆದರೆ ನೀವು ಉಳಿಸಿಕೊಟ್ಟ ಮರ್ಯಾದೆಯನ್ನು ಹಾಗೇ ಇಟ್ಟುಕೊಂಡರೆ, ಮಾಡದ ತಪ್ಪು ನಿಮ್ಮ ಮಗಳ ತಲೆಯ ಮೇಲೆ ಉಳಿಯುತ್ತದೆ. ಹನ್ನೊಂದು ದಿನ ಯೋಚಿಸಿದೆ. ನಾಳೆ ಭತ್ತದ ಗಾಡಿ ಬಂದ ಮೇಲೆ, ಅದೇ ತೂಕದ ಕಲ್ಲಿನ ಹತ್ತಿರ ನಿಂತು ಅದೇ ಜನಕ್ಕೆ ಹೇಳುತ್ತೇನೆ. ಹುಲುಗಪ್ಪ ನಗಲಿ. ಅದಕ್ಕೂ ಮೊದಲು ಕೊಟ್ರಬಸಮ್ಮನಿಗೆ ಹೇಳಬೇಕೆಂದು ತೀರ್ಮಾನಿಸಿದೆ. ಅದು ಮುಗಿದಿದೆ.

ಇಂತು ನಿಮ್ಮ ಋಣದಲ್ಲಿರುವ,
ಚೆನ್ನಬಸಮ್ಮ

ತಾ.ಕ.: ಸಹಿಯನ್ನೂ ಈ ಕೆಲವು ಸಾಲನ್ನೂ ಮಾತ್ರ ನನ್ನ ಕೈಯಲ್ಲಿ ಬರೆದಿದ್ದೇನೆ. ಮೇಲಿನದೆಲ್ಲ ನಾನು ಹೇಳುತ್ತಾ ಹೋದದ್ದು. ಅದೇ ಕಂಪ್ಯೂಟರಿನಲ್ಲಿ ಟೈಪು ಮಾಡಿದವಳು ನಿಮ್ಮ ಮಗಳು. ಎದುರು ಕೂರಿಸಿಕೊಂಡು ಬೇರೆ ರೀತಿಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಕುಲಾವಿ ಹೊಲಿದ ಮಾತು ಬಂದಾಗ ಆಕೆಯ ಬೆರಳು ನಿಂತವು. ನಾನು ಕಿಟಕಿಯ ಕಡೆ ತಿರುಗಿದೆ. ಕೊನೆಗೆ ಆಕೆ, “ಮುಂದ ಹೇಳ್ರಿ ಅತ್ತಿ” ಎಂದಳು. ಹೇಳಿದೆ.