ಕಾಕ್‌ಪಿಟ್ಟಿನ ಮಡಚು ಸೀಟು

ಫೆಬ್ರವರಿ 11, ಬೆಳಿಗ್ಗೆ

ಕಲಾಭಿಮಾನಿಗಳೇ! ಮಹಾಜನಗಳೇ! ಹಿಂದೆ ಬೆಂಚು ಹತ್ತಿ ನಿಂತಿರುವ ಮಹನೀಯರೇ! ಗದ್ದಲ ಬೇಡ, ಪರದೆ ಏಳುತ್ತಿದೆ...

ಸಭೆಯಲ್ಲಿ ಇರುವವರು: ಇಸ್ತ್ರಿಪೆಟ್ಟಿಗೆ, ಒದ್ದೆ ಕಾಲುಚೀಲ, ಕನ್ನಡಿ. ಬಾಡಿಗೆ ರೂಮಿಗೆ ಇಷ್ಟು ಜನ ಸೇರಿದ್ದೇ ಹೆಚ್ಚು. ನಾಟಕ ಕಂಪನಿಯ ರಾಜನ ಮಗ ನಾನು. ಅಪ್ಪ ಕಿರೀಟ ಇಟ್ಟು ಗುಡುಗಿದರೆ ಟಿಕೆಟ್ ಸಿಗದೆ ಹೊರಗೆ ನಿಂತವರಿಗೂ ನಾಟಕ ಕೇಳುತ್ತಿತ್ತು. ನನ್ನ ಪಾಲಿಗೆ ಬಂದದ್ದು ಆ ಗಂಟಲು, ಜೊತೆಗೊಂದು ಫ್ಯಾನ್ ವಿಮಾನ, ಅಂದರೆ ರೆಕ್ಕೆಯಲ್ಲಿ ಪ್ರೊಪೆಲರ್ ತಿರುಗುವ ಸಣ್ಣದು.

ಅದರ ಬಾಲದ ಮೇಲೆ ದೊಡ್ಡ ಕಂಪನಿಯ ಬಣ್ಣ. ಟಿಕೆಟ್ ಮೇಲೂ ಅವರದೇ ಹೆಸರು. ನನಗೆ ಕೆಲಸ ಕೊಟ್ಟಿರುವುದು ಮಾತ್ರ ಅವರಿಗಾಗಿ ಗುತ್ತಿಗೆಯ ಮೇಲೆ ಹಾರಿಸುವ ಸಣ್ಣ ಕಂಪನಿ. ಅವರ ಪೈಲಟ್‌ಗಳಿಗೆ ಗಾಜಿನ ಲೌಂಜ್. ನಮಗೆ ಲಗೇಜ್ ಬೆಲ್ಟಿನ ಪಕ್ಕ, ಮೆಟ್ಟಿಲ ಕೆಳಗಿನ ಕೋಣೆ. ನಿಮ್ಮ ಯೂನಿಯನ್ನಿಗೆ ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಹೋದ ವರ್ಷ ಕೇಳಿದೆವು. ಮುಖಂಡರಲ್ಲಿ ಒಬ್ಬರು ನನ್ನ ಭಾವ. ಅಕ್ಕನ ಗಂಡ. ನನಗೆ ಹಾರಲು ಕಲಿಸಿದವರೂ ಅವರೇ. "ನಿಮ್ದು ಬೇರೆ ಕಂಪನಿ ಕಣೋ" ಎಂದು ಬೆನ್ನು ತಟ್ಟಿ ಕಳಿಸಿದರು.

ಇವತ್ತು ಅವರ ಮುಷ್ಕರ ಶುರು. ಈಗಷ್ಟೇ ಫೋನ್.

"ಲೇ, ನಮ್ಮ ರೂಟ್‌ಗಳಿಗೆ ನಿಮ್ಮನ್ನ ಹಾಕ್ತಾರೆ. ಮುಟ್ಟಬೇಡ."

"ರೋಸ್ಟರಲ್ಲಿ ಆಗ್ಲೇ ಹೆಸರು ಬಂದಿದೆ ಭಾವ. ಹೋಗದಿದ್ರೆ ಕೆಲಸ ಹೋಗುತ್ತೆ. ನಮ್ಮ ಬೆನ್ನಿಗೆ ಯಾರಿದಾರೆ?"

"ನಾವೆಲ್ಲ ಒಂದೇ ಅಲ್ವೇನೋ! ಬಾಲದ ಬಣ್ಣ ನೋಡು."

"ಹೋದ ವರ್ಷಾನೂ ಅದೇ ಬಣ್ಣ ಇತ್ತಲ್ಲ ಭಾವ."

ಕಟ್.

ಅಂಗಿ ಇನ್ನೂ ಬಿಸಿ ಇದೆ. ಹೊರಟೆ.

ಫೆಬ್ರವರಿ 13

ಕಾಕ್‌ಪಿಟ್ಟಿನಲ್ಲಿ ಕೂತ ಕೂಡಲೇ ಎಂದಿನ ಪ್ರಶ್ನೆ ಹಾಕಿದೆ.

"ಮಂತ್ರಿಗಳೇ! ರಾಜ್ಯದಲ್ಲಿ ಮಳೆ ಬೆಳೆ ಹೇಗಿದೆ?"

ಮಂತ್ರಿ ಎಂದರೆ ನನ್ನ ಕೋ-ಪೈಲಟ್ ಹುಡುಗಿ. ಹವಾಮಾನ ಹೇಳುವುದು ಅವಳ ಕೆಲಸ.

"ಮಳೆ ಇಲ್ಲ ಮಹಾಪ್ರಭು. ಗಾಳಿನೂ ಇಲ್ಲ. ಆದ್ರೆ ಗೇಟ್ ಹತ್ರ ನಿಮ್ಮ ಭಾವ ಬೋರ್ಡ್ ಹಿಡ್ಕೊಂಡು ನಿಂತಿದ್ರು. ನೋಡಿದ್ರಾ?"

ನೋಡಿದ್ದೆ. ನೋಡದವನ ಹಾಗೆ ನಡೆದಿದ್ದೆ. ಹಿಂದಿನಿಂದ ಯಾರೋ "ದ್ರೋಹಿ" ಎಂದು ಕೂಗಿದರು. ಭಾವನ ಧ್ವನಿಯಲ್ಲ. ಅಷ್ಟೇ ಸಮಾಧಾನ.

ಮಾರ್ಚ್ 2

ಮುಷ್ಕರ ಮುರಿದುಬಿತ್ತು. ಕೇಳಿದ್ದರಲ್ಲಿ ಒಂದೂ ಸಿಗಲಿಲ್ಲ ಅವರಿಗೆ. ಫ್ಯಾನ್ ವಿಮಾನಗಳು ಹಾರದಿದ್ದರೆ ವಾರದಲ್ಲಿ ಗೆಲ್ಲುತ್ತಿದ್ದೆವು ಎಂದು ಭಾವ ಎಲ್ಲರ ಮುಂದೆ ಹೇಳಿದರಂತೆ. ಸುಳ್ಳಲ್ಲ... ಅದೇ ಚುಚ್ಚುವುದು.

ಸಿಟ್ಟು ತೀರಿಸಿಕೊಳ್ಳುವ ದಾರಿಯನ್ನೂ ಹುಡುಕಿದ್ದಾರೆ. ಕಾಕ್‌ಪಿಟ್ಟಿನಲ್ಲಿ ನಮ್ಮಿಬ್ಬರ ಬೆನ್ನ ಹಿಂದೆ ಗೋಡೆಗೆ ಮಡಚಿಟ್ಟ ಸೀಟೊಂದು ಇರುತ್ತದೆ. ವಿಮಾನ ಪೂರ್ತಿ ತುಂಬಿದ್ದರೂ, ಮನೆಗೆ ಹೊರಟ ಪೈಲಟ್ ಯಾವ ಕಂಪನಿಯವನೇ ಆಗಲಿ, ಬಾಗಿಲಿಗೆ ಬಂದು ಟೋಪಿ ತೆಗೆದು ಅದನ್ನು ಕೇಳಬಹುದು. ತಾನೇ ಬಂದು, ಬಾಯಿಬಿಟ್ಟು ಕೇಳಬೇಕು. ಶಿಫಾರಸು ನಡೆಯದು. ಕ್ಯಾಪ್ಟನ್ ಹೂಂ ಎಂದರೆ ಮನೆ ಸೇರಿದಂತೆ. ಇಲ್ಲ ಎಂದವರನ್ನು ನಾನು ಕಂಡಿಲ್ಲ.

ಈಗ ಅವರ ಯೂನಿಯನ್ನಿನಲ್ಲಿ ಗೊತ್ತುವಳಿಯಾಗಿದೆ: ಮುಷ್ಕರದಲ್ಲಿ ಹಾರಿಸಿದವರಿಗೆ ಸೀಟಿಲ್ಲ.

ಮಾರ್ಚ್ 9, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ರಸ್ತೆ ಹಾಗಿದೆ.

ಮಧ್ಯಾಹ್ನ ಊರಿನಿಂದ ಹೆಂಡತಿಯ ಫೋನ್. "ಮಾವ ನಿಮ್ಮನ್ನೇ ಕೇಳ್ತಿದಾರೆ. ಈಗಲೇ ಹೊರಡಿ." ಊರಿಗೆ ಇದ್ದದ್ದು ದೊಡ್ಡವರ ಒಂದೇ ವಿಮಾನ. ತುಂಬಿತ್ತು. ಬಾಗಿಲಿಗೆ ಓಡಿದೆ. ಕ್ಯಾಪ್ಟನ್ ಸೀಟಿನಲ್ಲಿ ಭಾವ! ಹೋದ ಜೀವ ಬಂದಂತಾಯಿತು.

"ಭಾವ, ಅಪ್ಪನಿಗೆ ತುಂಬಾ ಹುಷಾರಿಲ್ಲ. ಹಿಂದೆ ಕೂತ್ಕೊಳ್ಳಲಾ?"

ಅವರು ಪಕ್ಕದ ಕೋ-ಪೈಲಟ್ ಕಡೆ ನೋಡಿದರು. ಗೇಟಿನಲ್ಲಿ ಅವರ ಜೊತೆ ಬೋರ್ಡ್ ಹಿಡಿದು ನಿಂತಿದ್ದವನೇ. ಆಮೇಲೆ ಮುಂದಿನ ಗಾಜನ್ನು ನೋಡಿದರು.

"ಕ್ಷಮಿಸಿ ಕ್ಯಾಪ್ಟನ್. ಇವತ್ತು ಆಗೋದಿಲ್ಲ."

ನಾನು ಮೀಸೆ ಬರದ ಹುಡುಗನಾಗಿದ್ದಾಗಿನಿಂದ ಲೇ ಎಂದು ಕರೆದವರು. ಸೀಟು ಅಲ್ಲೇ ಇತ್ತು. ಮಡಚಿಕೊಂಡು, ಖಾಲಿ.

ಮಾರ್ಚ್ 10

ಅಪ್ಪ ಹೋದರು. ಬಸ್ಸು ಊರು ಮುಟ್ಟುವ ಮೊದಲೇ.

ಮಾರ್ಚ್ 23

ಅಕ್ಕನ ಮನೆಗೆ ಹೋಗಿದ್ದೆ. ಅವಳ ದುಃಖ ಇವತ್ತು ಕಟ್ಟೆಯೊಡೆಯಿತು.

"ಕೊನೇವರೆಗೂ ಬಾಗಿಲ ಕಡೆನೇ ನೋಡ್ತಿದ್ರು ಕಣೋ. ಊರೋರಿಗೆಲ್ಲ ವಿಮಾನ ಇತ್ತು, ನಿನಗಿರಲಿಲ್ವಾ? ನಿಮ್ಮ ಭಾವ ಬಂದ್ರಲ್ಲ ಅವತ್ತು!"

ಭಾವ ಅಲ್ಲೇ ಸ್ಟೂಲಿನ ಮೇಲೆ ಕೂತು ಶೂ ಲೇಸ್ ಕಟ್ಟುತ್ತಿದ್ದರು. ಕಟ್ಟಿದ್ದನ್ನು ಬಿಚ್ಚಿದರು. ಮತ್ತೆ ಕಟ್ಟಿದರು. ತಲೆ ಎತ್ತಲಿಲ್ಲ.

"ವಿಮಾನ ತುಂಬಿತ್ತಕ್ಕ" ಎಂದೆ.

ಗುಡುಗಬೇಕಾದ ದೃಶ್ಯದಲ್ಲಿ ಪಿಸುಗುಟ್ಟಿದೆ. ಅಪ್ಪ ನೋಡಿದ್ದರೆ ಕಿರೀಟ ಎತ್ತಿ ಎಸೆಯುತ್ತಿದ್ದರು. ಆದರೆ ಅವಳ ಮನೆ, ಅವಳ ಗಂಡ... ಒಂದು ಮಾತಿನಲ್ಲಿ ಎಷ್ಟು ಉರುಳಿಸುವುದು?

ಅಕ್ಕ ಒಳಗೆ ಹೋದಳು. ನಾನು ಹೊರಡುವಾಗ ಬಾಗಿಲಿಗೂ ಬರಲಿಲ್ಲ.

ಜೂನ್ 4

ತಮಾಷೆ ಕೇಳಿ. ಮುಷ್ಕರದಲ್ಲಿ ನಾವು ಅಗ್ಗಕ್ಕೆ ಹಾರಿಸಿದ್ದನ್ನು ನೋಡಿ ದೊಡ್ಡ ಕಂಪನಿ ನಮ್ಮೂರಿನ ರೂಟನ್ನೇ ಸಣ್ಣವರಿಗೆ ಬಿಟ್ಟುಕೊಟ್ಟಿದೆ. ಇನ್ನು ಊರಿಗೆ ಹೋಗುವುದು ಫ್ಯಾನ್ ವಿಮಾನ ಮಾತ್ರ. ಭಾವ ಬಸ್ಸಿನಲ್ಲಿ ಓಡಾಡುತ್ತಿದ್ದಾರಂತೆ. ರಜೆಯೆಲ್ಲ ರಸ್ತೆಯ ಮೇಲೇ ಕಳೆಯುತ್ತದೆ. ನಮ್ಮ ಬಾಗಿಲಿಗೆ ಬಂದು ಕೇಳಲೊಲ್ಲರು.

"ಕೇಳಿದ್ರೆ ಕೊಡ್ತೀರಾ ಸರ್?" ಎಂದಳು ಮಂತ್ರಿ.

"ಕೇಳಲಿ! ಆ ದೃಶ್ಯಕ್ಕೆ ಡೈಲಾಗ್ ರೆಡಿ ಇದೆ."

"ಚಿಕ್ಕದಾಗಿರ್ಲಿ ಸರ್. ನಿಮ್ಮ ಡೈಲಾಗ್ ಮುಗಿಯೋಷ್ಟರಲ್ಲಿ ಟೇಕಾಫ್ ಟೈಮ್ ಮೀರಿ ಹೋಗುತ್ತೆ."

ನಕ್ಕೆ. ಅವಳು ನಗಲಿಲ್ಲ.

ಜೂನ್ 19, ಸಂಜೆ

ಅಕ್ಕನ ಫೋನ್. ಆ ದಿನದ ನಂತರ ಇದೇ ಮೊದಲು.

"ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಆಪರೇಷನ್ ಕಣೋ. ಹೊಟ್ಟೆಲಿ ಗಡ್ಡೆ. ಕಾಯೋ ಹಾಗಿಲ್ವಂತೆ. ನಿಮ್ಮ ಭಾವ ಈಗ ಲ್ಯಾಂಡ್ ಆಗಿದಾರೆ, ನೀನಿರೋ ಊರಲ್ಲೇ. ಬಸ್ಸಲ್ಲಿ ಹೊರಟ್ರೆ ಅಷ್ಟೊತ್ತಿಗೆ ಮುಟ್ಟಲ್ಲ. ಬೆಳಗಿನ ವಿಮಾನ ನೀನೇ ಹಾರಿಸೋದಂತೆ, ಅದೂ ತುಂಬಿದೆಯಂತೆ. ನಿನ್ನ ಕೇಳಿ ಅಂದೆ."

"ಏನಂದ್ರು?"

"ಯಾವ ಮುಖ ಇಟ್ಕೊಂಡು ಕೇಳ್ಲಿ ಅಂದ್ರು. ಯಾಕೋ ಹಂಗಂದ್ರು? ಏನಾಯ್ತೋ ನಿಮ್ಮಿಬ್ಬರ ಮಧ್ಯೆ?"

ಹೇಳಿಬಿಡಬಹುದಿತ್ತು. ನಾಲಿಗೆ ತುದಿಯಲ್ಲೇ ಇತ್ತು.

"ಏನಿಲ್ಲಕ್ಕ. ವಿಮಾನದ ಬಾಗಿಲಿಗೆ ಬರೋಕೆ ಹೇಳು."

"ಭಯ ಆಗ್ತಿದೆ ಕಣೋ. ಒಳಗೆ ಕರ್ಕೊಂಡು ಹೋಗೋ ಮೊದ್ಲು ಅವರು ಬರಬೇಕು..."

ಫೋನ್ ಇಟ್ಟು ಕನ್ನಡಿ ಮುಂದೆ ನಿಂತೆ. ತಿಂಗಳುಗಟ್ಟಲೆ ತಿದ್ದಿ ತೀಡಿದ ಡೈಲಾಗ್. "ಕ್ಷಮಿಸಿ ಕ್ಯಾಪ್ಟನ್. ಇವತ್ತು ಆಗೋದಿಲ್ಲ." ಅಪ್ಪನ ಗಂಟಲಲ್ಲೇ ಹೇಳಿದೆ. ಸೊಗಸಾಗಿ ಬಂತು. ಚಪ್ಪಾಳೆ ಬೀಳಬೇಕು, ಹಾಗೆ. ಇಸ್ತ್ರಿಪೆಟ್ಟಿಗೆ ಮಿಸುಕಲಿಲ್ಲ.

ಕ್ಷಮಿಸಿದ್ದೇನೆಯೇ? ಇಲ್ಲ. ಅಪ್ಪ ಬಾಗಿಲ ಕಡೆ ನೋಡುತ್ತಲೇ ಹೋದದ್ದನ್ನು ಮರೆಯಲಾರೆ. ಆದರೆ ನಾಳೆ ಅಕ್ಕ ಬಾಗಿಲ ಕಡೆ ನೋಡುತ್ತಿರುತ್ತಾಳೆ. ಅವಳೂ ಅದೇ ರಾಜನ ಮಗಳು.

ಮಹಾಜನಗಳೇ, ಕೇಳಿ. ನಾಳೆ ಬೆಳಿಗ್ಗೆ ಪ್ರಯಾಣಿಕರು ಹತ್ತುವ ಮೊದಲೇ ಆ ಮಡಚು ಸೀಟನ್ನು ನನ್ನ ಕೈಯಾರೆ ಬಿಚ್ಚುತ್ತೇನೆ. ಬೆಲ್ಟ್ ಸರಿಮಾಡಿ ಇಡುತ್ತೇನೆ. ಭಾವ ಬರುತ್ತಾರೆ. ಟೋಪಿಗೆ ಕೈ ಹಾಕುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ, ಮಂತ್ರಿಗೂ ಕೊನೆಯ ಸಾಲಿನವರಿಗೂ ಕೇಳುವ ಹಾಗೆ, "ಬನ್ನಿ ಭಾವ, ಕೂತ್ಕೊಳ್ಳಿ, ಅಕ್ಕ ಕಾಯ್ತಿದಾಳೆ" ಎಂದು ಗುಡುಗುತ್ತೇನೆ.