ಅಕ್ಕವ್ವನ ಹೊಸ ಮಗಳು

ಸದಲಗಾ
ಮಾರ್ಚ್ ೧೯೯೧

ಧನಪಾಲ ಅವರಿಗೆ ನಮಸ್ಕಾರ.

ಕಳೆದ ತಿಂಗಳು ನನ್ನನ್ನು ನೋಡಲು ಬಂದಾಗ ನೀವು ನಿಮ್ಮ ಎಂ.ಫಿಲ್. ಪ್ರಬಂಧವನ್ನು ನಮ್ಮ ತಂದೆಗೆ ಕೊಟ್ಟು, "ನಿಪ್ಪಾಣಿ ತಂಬಾಕು ವಖಾರಿಯೊಳಗ ಅಡ್ಡಾಡಿ ಬರದೀನ್ರಿ" ಎಂದಿರಿ. ನೀವು ಹೋದ ಮೇಲೆ ಓದಿದೆ. ಅದು ನಾನು ಎಂ.ಎ.ಗೆ ಬರೆದ ಪ್ರಬಂಧ. ಮನೆಯವರು ನನ್ನನ್ನು ಕರೆಯುವ ಬೇಬಿ ಎಂಬ ಹೆಸರಷ್ಟೇ ನಿಮಗೆ ಗೊತ್ತಿತ್ತು; ಅದನ್ನು ಬರೆದ ಜಿನಮತಿ ನಾನೇ ಎಂದು ತಿಳಿದಿರಲಿಲ್ಲ.

ತಂಬಾಕು ತುಂಬಿಡುವ ಆ ವಖಾರಿಯಲ್ಲಿ ದುಡಿಯುವ ಅಕ್ಕವ್ವ, ನಾನು ಪ್ರಬಂಧಕ್ಕಾಗಿ ಅಲ್ಲಿಗೆ ಹೋಗಿದ್ದಾಗ ನನಗೆ, "ಕೆಮ್ಮು ನಮ್ಮ ಕೂಡ ಮನೀಗಿ ಬರ್ತೈತಿ, ಮಗಳ" ಎಂದಿದ್ದಳು. ನಿಮ್ಮ ಪ್ರಬಂಧದಲ್ಲಿ ನಿಮ್ಮನ್ನೂ ಮಗಳೆಂದೇ ಕರೆದಿದ್ದಾಳೆ. ಅಷ್ಟನ್ನೂ ನೋಡದೆ ನಕಲು ಮಾಡಿದ್ದೀರಿ. ಅಡಿಟಿಪ್ಪಣಿಯಲ್ಲಿ ನನ್ನ ಹೆಸರು ಹಾಕಿದ್ದರೆ, ನನ್ನದನ್ನೂ ಒಬ್ಬರು ಓದಿದರಲ್ಲ ಎಂದು ಹಿಗ್ಗುತ್ತಿದ್ದೆ. ಹೆಸರು ಅಳಿಸಿ ತೆಗೆದುಕೊಂಡರೆ ಅದಕ್ಕೆ ಕಳವು ಎನ್ನುತ್ತಾರೆ.

ಎರಡೂ ಪ್ರಬಂಧಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದೆ. ಸೋಮವಾರ ವಿಚಾರಣೆ ಇದೆ, ನಿಮಗೂ ಕಾಗದ ಬಂದಿರಬೇಕು. ಅಕ್ಕವ್ವನೂ ನನ್ನ ಜೊತೆ ಬರುತ್ತಾಳೆ. "ಆ ಹೊಸಾ ಮಗಳ್ನ ನಾನೂ ನೋಡ್ತೀನಿ" ಎನ್ನುತ್ತಿದ್ದಾಳೆ.

ಲಗ್ನದ ವಿಷಯ ಬೇಗ ತಿಳಿಸಿರೆಂದು ನಿಮ್ಮ ತಾಯಿ ಮತ್ತೆ ಮತ್ತೆ ಹೇಳಿಕಳಿಸುತ್ತಿದ್ದಾರೆ. ದಯವಿಟ್ಟು ಅಂದು ಅವರನ್ನೂ ಕರೆತನ್ನಿ. ನನ್ನ ಉತ್ತರವನ್ನು ಅಲ್ಲಿಯೇ, ಎಲ್ಲರೆದುರು ಹೇಳುತ್ತೇನೆ.

ಇಂತಿ,
ಜಿನಮತಿ ಭಾವುಸಾಹೇಬ ಪಾಟೀಲ