ತಣ್ಣೀರಿನಲ್ಲಿ ನೆನೆಹಾಕಿದ ಅಂಗಿ

ಬುಧವಾರ, ಮಧ್ಯಾಹ್ನ

ನನ್ನ ಮುದ್ದಿನ ಗಿಣಿಯೇ,

ಊಟ ಮಾಡಿದೆಯಾ? ಇಲ್ಲ ಅಂತ ಗೊತ್ತು. ಮೊದಲು ಎರಡು ತುತ್ತು ತಿನ್ನು, ಆಮೇಲೆ ಇದನ್ನು ಓದು. ಫೋನುಗಳೆಲ್ಲ ಇನ್ನೂ ಬಂದ್ ಆಗಿವೆ. ಪಕ್ಕದ ಮನೆಯ ನರ್ಸಮ್ಮನಿಗೆ ಕರ್ಫ್ಯೂ ಪಾಸು ಇದೆಯಲ್ಲ, ನಿಮ್ಮ ಬೀದಿ ಹಾಯ್ದೇ ಡ್ಯೂಟಿಗೆ ಹೋಗುತ್ತಾಳೆ. ನಿನ್ನ ಕೈಗೇ ಕೊಡಬೇಕು, ಬಾಗಿಲಲ್ಲಿ ಬೇರೆ ಯಾರಾದರೂ ನಿಂತಿದ್ದರೆ ವಾಪಸು ತರಬೇಕು ಅಂತ ಹೇಳಿ ಕಳಿಸುತ್ತಿದ್ದೇನೆ.

ನೀನು ಆಸ್ಪತ್ರೆಗೆ ಓಡಿಬರುವ ಹೊತ್ತಿಗೆ ಅಪ್ಪನಿಗೆ ಮಾತು ನಿಂತಿತ್ತು. ನಡೆದದ್ದನ್ನು ನಾನೂ ನಿನಗೆ ಸರಿಯಾಗಿ ಹೇಳಲಿಲ್ಲ. ಈಗ ಕೇಳು. ಅವತ್ತು ಕರ್ಫ್ಯೂ ಸ್ವಲ್ಪ ಹೊತ್ತು ಸಡಿಲವಾಗಿತ್ತು. ಅಂಗಡಿಯಲ್ಲಿ ಮೇಷ್ಟರ ಬೂದು ಕೋಟು ಇಸ್ತ್ರಿಯಾಗಿ ಕೂತಿದೆ, ಕೊಟ್ಟು ಬಂದುಬಿಡುತ್ತೇನೆ ಅಂತ ಹೊರಟರು. ಬೇಡ ಅಂದೆ. ನನ್ನ ಮಾತು ಯಾವತ್ತು ಕೇಳಿದ್ದಾರೆ, ಪುಣ್ಯಾತ್ಮ! ಬೇಕರಿ ತಿರುವಿನಲ್ಲಿ ಯಾರೋ ಕಲ್ಲು ತೂರಿ ಓಡಿದರಂತೆ. ಪೊಲೀಸರ ಕೈಗೆ ಸಿಕ್ಕಿದ್ದು ಮಾತ್ರ ಓಡಲಾರದ ನಿಮ್ಮಪ್ಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಲಾಂಡ್ರಿಯವನು ಸ್ವಾಮೀ, ಕೋಟು ನೋಡಿ ಅಂತ ಎತ್ತಿ ಹಿಡಿದು ತೋರಿಸಿದರಂತೆ. ಬೇಕರಿಯಾತ ಅರ್ಧ ಇಳಿಸಿದ ಶಟರಿನ ಹಿಂದಿನಿಂದ ನೋಡಿದ್ದಾನೆ. ಬಿದ್ದ ಮೇಲೂ ಬಿಡಲಿಲ್ಲವಂತೆ, ಲಾಠಿ ಆದ ಮೇಲೆ ಬೂಟು. ಎಲ್ಲರಿಗೂ ಹೆಲ್ಮೆಟ್ಟು, ಮುಖ ಕಾಣಲಿಲ್ಲ ಅನ್ನುತ್ತಾನೆ. ಕೋರ್ಟಿಗೆ ಬಂದು ಹೇಳಪ್ಪಾ ಅಂದರೆ ಕೈ ಮುಗಿಯುತ್ತಾನೆ.

ಅಷ್ಟಾದರೂ ನಿಮ್ಮಪ್ಪ ನಡೆದುಕೊಂಡೇ ಮನೆಗೆ ಬಂದರು. ಮೂಗುಬಾಯಲ್ಲೆಲ್ಲ ರಕ್ತ. ಅಂಗಿ ಬಿಚ್ಚಿ ಮಲಗಿಸಿದೆ. ಕೋಟಿನ ತೋಳು ಕಿತ್ತೋಯ್ತಲ್ಲೇ, ಮೇಷ್ಟ್ರಿಗೆ ಏನು ಹೇಳ್ಲೇ ಅಂತ ಅವರಿಗೆ ಅದೇ ಚಿಂತೆ. ಆಗ ನಾನೇನು ಮಾಡಿದೆ ಗೊತ್ತೇನೇ? ಅಂಗಿಯನ್ನು ತಣ್ಣೀರಿನಲ್ಲಿ ಉಪ್ಪು ಹಾಕಿ ನೆನೆಹಾಕಿದೆ. ರಕ್ತ ಒಣಗುವ ಮೊದಲೇ ತಣ್ಣೀರಿಗೆ ಹಾಕಬೇಕು, ಬಿಸಿನೀರು ತಾಗಿಸಿದರೆ ಕಲೆ ಕೂತುಬಿಡುತ್ತದೆ. ಇಷ್ಟು ವರ್ಷ ಪಳಗಿದ ಕೈ, ತನ್ನಷ್ಟಕ್ಕೆ ತಾನೇ ಬಕೆಟ್ಟಿಗೆ ಹೋಯಿತು. ಅಂಗಿಯ ಬೆನ್ನಿನ ಮೇಲೆ ಬೂಟಿನ ಅಚ್ಚು ನಿಚ್ಚಳವಾಗಿತ್ತು. ಸೋಪು ಹಚ್ಚಿ ತಿಕ್ಕಿ ತೆಗೆದೆ. ಮಲಗಿದ್ದಲ್ಲಿಂದಲೇ ಅವರು, ಕಾಲರ್ ಬಿಟ್ಟೆಯಲ್ಲೇ, ಅದನ್ನೂ ತಿಕ್ಕು ಅಂತ ನಗಾಡಿದರು. ಸಂಜೆಗೆ ಹೊಟ್ಟೆ ಉಬ್ಬಿತು. ಆಮೇಲಿನದು ನೀನೇ ನೋಡಿದೆ.

ನಿನ್ನೆ ವಕೀಲಮ್ಮ ಬಂದಿದ್ದರು. ಗುಂಪಿನಲ್ಲಿ ಕಲ್ಲು ತೂರಿ ಓಡುವಾಗ ಬಿದ್ದು ಸತ್ತ ಅಂತ ಪೊಲೀಸರು ಬರೆದಿದ್ದಾರಂತೆ. ನಿಮ್ಮಪ್ಪ ಕಲ್ಲು ತೂರಿದರಂತೆ! ನಾಯಿಗೆ ಹಚಾ ಅನ್ನದ ಮನುಷ್ಯ. ಹೊಡೆದದ್ದಕ್ಕೆ ನಾಳೆ ಗುರುವಾರ ಕೋರ್ಟಿನಲ್ಲಿ ಏನಾದರೂ ಸಾಕ್ಷಿ ತೋರಿಸದಿದ್ದರೆ ಅದೇ ಕೊನೆಯ ಮಾತಾಗುತ್ತದೆ ಅಂದರು. ಅವತ್ತಿನ ಅಂಗಿ ಕೊಡಿ ಅಂದರು. ಕೊಟ್ಟೆ. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮಡಚಿಟ್ಟ ಅಂಗಿ. ಅವರು ಅದನ್ನು ಬಿಡಿಸಿ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು, ಮತ್ತೆ ಮಡಚಿ ನನಗೇ ಕೊಟ್ಟರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಇವತ್ತು ಬೆಳಗ್ಗೆ ಠಾಣೆಯಿಂದ ಒಗೆಯುವ ಬಟ್ಟೆಯ ಗಂಟು ಬಂತು. ಹೌದು, ಏನೂ ಆಗಿಲ್ಲವೆಂಬಂತೆ, ಎಂದಿನ ಹಾಗೆ! ತಂದಿಟ್ಟ ಮುದುಕ ಪೇದೆ ನನ್ನ ಮುಖ ನೋಡಲಿಲ್ಲ. ಬೀದಿಗೆ ಬಿಸಾಕೋಣ ಅಂತಲೇ ಎತ್ತಿಕೊಂಡೆ, ಗಂಟು ಬಿಚ್ಚಿಹೋಯಿತು. ಒಂದು ಖಾಕಿ ಅಂಗಿಯ ಎರಡೂ ತೋಳಿನ ತುದಿ ರಕ್ತ ಒಣಗಿ ರಟ್ಟಾಗಿತ್ತು. ತೋಳಿನ ಗುಂಡಿಗೆ ಬೂದು ಉಣ್ಣೆಯ ಎಳೆ ಸುತ್ತಿಕೊಂಡಿತ್ತು. ಮೇಷ್ಟರ ಕೋಟಿನ ಪಕ್ಕ ಹಿಡಿದು ನೋಡಿದೆ, ಅದೇ. ನಲ್ಲಿಯ ಕೆಳಗೆ ಬಕೆಟ್ಟು ತುಂಬಿ ನಿಂತಿತ್ತು. ಈ ಸಲ ಎರಡೂ ಕೈ ಕಂಕುಳಲ್ಲಿ ಒತ್ತಿಕೊಂಡು ದೂರ ನಿಂತೆ.

ಅಂಗಿಯನ್ನು ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ನಾಳೆ ವಕೀಲಮ್ಮನ ಕೈಗೆ ಕೊಡುತ್ತೇನೆ. ಯಾರದ್ದು ಅಂತ ಕೇಳಬೇಡ.

ಅಳಿಯಂದಿರಿಗೆ ಈ ಪತ್ರ ತೋರಿಸಬೇಡ. ಅವರೂ ಅದೇ ಠಾಣೆಯವರು, ಸುಮ್ಮನೆ ಯಾಕೆ ತಾಪತ್ರಯ. ಅವತ್ತು ತಮಗೆ ಸೇತುವೆ ಕಾವಲಿತ್ತು, ಬೇಕರಿ ಕಡೆ ಬರಲೇ ಇಲ್ಲ ಅಂತ ಅವರೇ ನನಗೆ ಹೇಳಿದ್ದಾರೆ. ಅಪ್ಪನಿಗೆ ಹೆಗಲೂ ಕೊಟ್ಟರು. ನೀನು ನಾಳೆ ಕೋರ್ಟಿನ ಹತ್ತಿರ ಸುಳಿಯಬೇಡ, ಮನೆಯಲ್ಲೇ ಇರು.

ನಿನ್ನನ್ನು ಹೆತ್ತು, ಬೈದು, ಬೆಳೆಸಿದ
ಅಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಬೇರೆಯವರ ಬಾಯಿಂದ ನೀನು ಇದನ್ನು ಕೇಳಬಾರದು. ಆ ಖಾಕಿ ಅಂಗಿಯ ಕಾಲರಿನ ಒಳಗೆ ನಮ್ಮ ಅಂಗಡಿಯಲ್ಲಿ ಗುರುತಿಗೆ ಹಾಕುವ ನಂಬರಿಲ್ಲ, ಮಸಿಯಲ್ಲಿ ಬರೆದ ಪುಟ್ಟ ಹೂವಿದೆ. ಅವನು ಇನ್ನೂ ಬರೀ ಗಿರಾಕಿಯಾಗಿದ್ದಾಗ ನೀನೇ ಬರೆದದ್ದು. ಊರಿಗೆಲ್ಲ ನಂಬರು, ಇವನೊಬ್ಬನಿಗೆ ಹೂವೇನೇ ಅಂತ ನಿಮ್ಮಪ್ಪ ನಿನ್ನನ್ನು ಎಷ್ಟು ಕಾಡಿಸಿದ್ದರು! ಮದುವೆಯಾದ ಮೇಲೆ ಅವನ ಬಟ್ಟೆ ಒಗೆಯುವವಳು ನೀನು. ಇದೊಂದು ನನ್ನ ಅಂಗಡಿಗೆ ಯಾಕೆ ಬಂತು? ನಿನ್ನ ಕಣ್ಣಿಗೆ ಬೀಳಬಾರದೆಂದೋ, ನನ್ನ ಕೈಗೆ ಸಿಗಲೆಂದೋ, ನನಗೆ ತಿಳಿಯದು. ಕೇಳುವ ಧೈರ್ಯವಿದ್ದರೆ ಅವನನ್ನೇ ಕೇಳು. ಒಗೆದುಬಿಡಮ್ಮಾ ಅಂತ ಮಾತ್ರ ಹೇಳಿ ಕಳಿಸಬೇಡ. ನೀನೇ ಬಂದು ಕಾಲು ಹಿಡಿದರೂ ನಾನು ಒಗೆಯುವುದಿಲ್ಲ.